ಸುಲಿದ ಬಾಳೆಹಣ್ಣಿನ ದೂರು

ನೀರು ಸರಬರಾಜು ಕಚೇರಿಯ ಮೂರನೇ ಕೌಂಟರಿನಲ್ಲಿ ಕೂರುವವಳಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ತಂಪಮ್ಮ. ಎಂಥ ಕೆಂಡಾಮಂಡಲವಾಗಿ ಬಂದವರನ್ನೂ ಅವಳ ಮುಂದೆ ಕೂರಿಸಿದರೆ ಹತ್ತು ನಿಮಿಷದಲ್ಲಿ ತಣ್ಣಗಾಗುತ್ತಿದ್ದರು. ಒಂದು ಸಲ ಯಾರೋ ಯಜಮಾನರು ಕೆಸರು ನೀರಿನ ಬಕೆಟ್ಟನ್ನೇ ತಂದು ಅವಳ ಮೇಜಿನ ಮೇಲೆ ಕುಕ್ಕಿದ್ದರು. ಹೋಗುವಾಗ ಚೆಲ್ಲಿದ್ದನ್ನು ತಮ್ಮ ಟವೆಲ್ಲಿನಲ್ಲಿ ತಾವೇ ಒರೆಸಿ, "ಬರ್ತೀನಮ್ಮ" ಅಂತ ಬೇರೆ ಹೇಳಿ ಹೋದರು.

ಅವಳ ವಿದ್ಯೆ ದೊಡ್ಡದೇನಲ್ಲ. "ಸಮಾಧಾನ ಮಾಡ್ಕೊಳ್ಳಿ" ಅನ್ನುವ ಮಾತನ್ನು ಅವಳು ಯಾವತ್ತೂ ಆಡುತ್ತಿರಲಿಲ್ಲ. ಅದನ್ನು ಕೇಳಿ ಸಮಾಧಾನ ಮಾಡಿಕೊಂಡ ಜೀವ ಇನ್ನೂ ಹುಟ್ಟಿಲ್ಲ. ಅವರು ಹೇಳಿದ್ದನ್ನೇ ಅವರಿಗೆ ತಿರುಗಿ ಹೇಳುವುದು: "ನಾಲ್ಕು ದಿನದಿಂದ ನೀರಿಲ್ಲ. ನಿಮಗೆ ಸಿಟ್ಟು ಬಂದಿದೆ." ಆಮೇಲೆ ಹಳದಿ ಚೀಟಿಯಲ್ಲಿ ದೂರು ಬರೆದು, ಠಪ್ಪಂತ ಮೊಹರು ಒತ್ತಿ, "ಏಳು ದಿನದೊಳಗೆ ಆಗತ್ತೆ" ಅಂತ ಕೈಗಿಡುವುದು. ನಲ್ಲಿಯಲ್ಲಿ ನೀರು ಬರುತ್ತಿತ್ತೋ ಇಲ್ಲವೋ, ಅದು ಬೇರೆ ಕೋಣೆಯವರ ಕೆಲಸ. ಎಂಟನೇ ದಿನ ಚೀಟಿ ಹಿಡಿದು ವಾಪಸ್ ಬಂದವರು ಹನ್ನೊಂದು ವರ್ಷದಲ್ಲಿ ಬೆರಳೆಣಿಕೆಯಷ್ಟು.

ಇಂಥ ತಂಪಮ್ಮ ಮನೆಗೆ ಹೋದಳೆಂದರೆ ಕೊತಕೊತ. ಮೂರು ವರ್ಷದ ಮಗಳು ಚಿನಕುರುಳಿ, ಎಡಗಾಲಿನ ಚಪ್ಪಲಿ ಬಲಗಾಲಿಗೇ ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡಿದರೆ, ಇವಳೂ ಗಂಟಲು ಹರಿದುಕೊಳ್ಳುತ್ತಿದ್ದಳು: "ಬಾಯಿ ಮುಚ್ಚೇ! ಮುಚ್ಚು ಅಂದ್ನಲ್ಲ!" ದೂರದೂರಿಗೆ ಬಸ್ಸು ಓಡಿಸುವ ಗಂಡ ಒಮ್ಮೆ ಫೋನಿನಲ್ಲಿ ಎರಡೂ ಗಂಟಲು ಕೇಳಿ, "ಇದರಲ್ಲಿ ಮಗು ಯಾವುದು?" ಅಂದುಬಿಟ್ಟ. ಒಂದು ವಾರ ಅವಳು ಅವನ ಫೋನೇ ಎತ್ತಲಿಲ್ಲ.

ಹೀಗಿರುವಾಗ ಡೇಕೇರ್ ಆಂಟಿ ಗೇಟಿನಲ್ಲೇ ನಿಲ್ಲಿಸಿ ಹೇಳಿದರು. "ನೋಡಮ್ಮ, ಮಧ್ಯಾಹ್ನ ಮಲಗಿದ ಒಂಬತ್ತು ಮಕ್ಕಳನ್ನ ನಿಮ್ಮವಳೊಬ್ಬಳು ಎಬ್ಬಿಸಿ ಕೂರಿಸ್ತಾಳೆ. ಒಂದೊಂದು ಸಲಕ್ಕೂ ಒಂದೊಂದು ಗಂಟೆ ರಂಪ. ಇನ್ನು ನನ್ನ ಕೈಲಾಗಲ್ಲ. ಇನ್ನೊಂದು ಸಲ ಹೀಗಾದ್ರೆ ಅವಳ ಜಾಗ ಬೇರೆಯವರಿಗೆ ಕೊಟ್ಟುಬಿಡ್ತೀನಿ."

ಆ ಸುತ್ತಿನಲ್ಲಿ ಇನ್ನೊಂದು ಡೇಕೇರ್ ಇರಲಿಲ್ಲ. ಮಗಳ ಜಾಗ ಹೋದರೆ ಅಮ್ಮನ ಕೌಂಟರೂ ಹೋದಂತೆ.

ನಾಲ್ಕೇ ದಿನ. ಮಂಗಳವಾರ ಮಧ್ಯಾಹ್ನ ಫೋನು ಬಂತು. "ಬನ್ನಿ. ಈಗಲೇ."

ಕೌಂಟರಿಗೆ ಬೋರ್ಡು ಅಡ್ಡ ಇಟ್ಟು, ಕೈಲಿದ್ದ ಚೀಟಿ ಪುಸ್ತಕ, ಮೊಹರು ಎಲ್ಲ ಬ್ಯಾಗಿಗೆ ತುರುಕಿಕೊಂಡು ಓಡಿದಳು. ಚಿನಕುರುಳಿ ಚಪ್ಪಲಿ ಗೂಡಿನ ಮುಂದೆ ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದಳು. ಪಕ್ಕದಲ್ಲಿ ಒಂದು ಸುಲಿದ ಬಾಳೆಹಣ್ಣು, ಅದರ ಕಡೆ ಬೆರಳು ತೋರಿಸಿ ಒಂದೇ ಕೂಗು.

"ಮುಚ್ಚು! ಅದನ್ನ ಮುಚ್ಚು!"

"ನಾನು ಸುಲಿದು ಕೊಟ್ಟೆ, ಅಷ್ಟೇ ನನ್ನ ತಪ್ಪು," ಅಂದರು ಆಂಟಿ.

ತಂಪಮ್ಮ ಕಿರುಚೋಣ ಅಂತಲೇ ಬಾಯಿ ತೆರೆದಳು. ಆದರೆ ಕೌಂಟರಿನಿಂದ ಎದ್ದು ನೇರ ಬಂದಿದ್ದಳಲ್ಲ, ಗಂಟಲಿನಿಂದ ಕೌಂಟರಿನ ದನಿಯೇ ಹೊರಟಿತು.

"ಹೇಳಿ. ಏನು ತೊಂದರೆ ನಿಮ್ಮದು?"

ಚಿನಕುರುಳಿ ಕಾಲು ಬಡಿಯುವುದನ್ನು ನಿಲ್ಲಿಸಿದಳು. ಅವಳನ್ನು ಹೀಗೆ ಯಾರೂ ವಿಚಾರಿಸಿದ್ದೇ ಇಲ್ಲ.

"ಹಣ್ಣು ನಾನು ಸುಲೀಬೇಕಿತ್ತು."

"ನೀವು ಸುಲೀಬೇಕಿತ್ತು. ಆಂಟಿ ಸುಲಿದುಬಿಟ್ರು. ಸಿಟ್ಟು ಬಂತು."

"ತುಂಬಾ."

"ತುಂಬಾ ಬಂತು. ಈಗೇನಾಗ್ಬೇಕು?"

"ಮತ್ತೆ ಸಿಪ್ಪೆ ಮುಚ್ಬೇಕು."

ತಂಪಮ್ಮ ಬರೆದುಕೊಂಡಳು. ಚೀಟಿ ಹರಿದಳು. ಠಪ್. "ಏಳು ದಿನದೊಳಗೆ ಆಗತ್ತೆ."

ಮಗು ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಿತು. ಹಣ್ಣನ್ನು ಸಿಪ್ಪೆ ಸಮೇತ ತನ್ನ ಡಬ್ಬಿಗೆ ಹಾಕಿಕೊಂಡು ಎಲ್ಲಿಗೋ ಹೋಯಿತು. ಎದ್ದು ಕೂತಿದ್ದ ಒಂಬತ್ತೂ ಮತ್ತೆ ಮಲಗಿದವು. ಆಂಟಿ ಕೈ ಮುಗಿಯುವುದೊಂದು ಬಾಕಿ.

ಆ ವಾರ ತಂಪಮ್ಮನ ಕಾಲು ನೆಲದ ಮೇಲಿರಲಿಲ್ಲ. ಸಂಜೆ ಗೇಟಿನ ಹತ್ತಿರ ಬೇರೆ ತಾಯಂದಿರಿಗೆ ಪಾಠ. "ಮಕ್ಕಳಿಗೆ ಬೇಕಾಗಿರೋದು ವಸ್ತು ಅಲ್ಲ ರೀ, ಕೇಳಿಸ್ಕೊಳ್ಳೋರು." ಆಂಟಿ ಒಂದು ಖಾಲಿ ಚೀಟಿ ಪುಸ್ತಕ ಕೇಳಿ ಇಸಿದುಕೊಂಡರು. ಚಿನಕುರುಳಿ ಚೀಟಿಯನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ಎದ್ದರೆ ಮೊದಲ ಪ್ರಶ್ನೆ: "ಇವತ್ತು ಎಷ್ಟನೇ ದಿನ?"

"ನಿಮ್ಮ ಮಗಳು ಎಣಿಸೋದು ಕಲಿತಳು ಕಣ್ರೀ," ಅಂತ ಗಂಡನಿಗೆ ಫೋನಿನಲ್ಲಿ ಜಂಭ ಕೊಚ್ಚಿಕೊಂಡಳು ತಾಯಿ.

ಮುಂದಿನ ಮಂಗಳವಾರ ಮಧ್ಯಾಹ್ನ ಮತ್ತೆ ಫೋನು.

ಚಿನಕುರುಳಿ ಅಳುತ್ತಿರಲಿಲ್ಲ. ನೆಟ್ಟಗೆ ನಿಂತಿದ್ದಳು. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಡಬ್ಬಿ. ಡಬ್ಬಿಯೊಳಗೆ ಕಪ್ಪಗೆ, ಮೆತ್ತಗೆ, ನೊಣಗಳಿಗೂ ಬೇಡವಾದದ್ದು ಏನೋ.

"ಚಪ್ಪಲಿ ಗೂಡಿನ ಹಿಂದೆ ಬಚ್ಚಿಟ್ಟಿದ್ದಾಳೆ ರೀ," ಅಂದರು ಆಂಟಿ, ಮೂಗಿಗೆ ಸೆರಗು ಹಿಡಿದು. "ವಾರದಿಂದ ನಾನು ಇಲಿ ಸತ್ತಿದೆ ಅಂತ ಹುಡುಕ್ತಿದ್ದೀನಿ."

"ಏಳು ದಿನ ಆಯ್ತು," ಅಂದಳು ಮಗಳು. "ಮುಚ್ಚಿ."

"ಅದು... ಪರಿಶೀಲನೆಯಲ್ಲಿದೆ," ಅಂತ ತಂಪಮ್ಮನ ಬಾಯಿಗೆ ಬಂದುಬಿಟ್ಟಿತು.

ಮಗು ಅಮ್ಮನ ಮುಖ ನೋಡಿತು. ಹನ್ನೊಂದು ವರ್ಷದಲ್ಲಿ ಯಾವ ದೂರುದಾರರೂ ಹಾಗೆ ನೋಡಿರಲಿಲ್ಲ. ಆಮೇಲೆ ನೆಲಕ್ಕೆ ಬಿತ್ತು. ಒಂಬತ್ತೂ ಮಕ್ಕಳು ಎದ್ದು ಕೂತವು. ಆಂಟಿ ಗೋಡೆ ಗಡಿಯಾರ ನೋಡಿದರು.

ತಂಪಮ್ಮನ ಕೈ ತಾನಾಗಿ ಬ್ಯಾಗಿನೊಳಗೆ ಹೋಗಿ ಚೀಟಿ ಪುಸ್ತಕವನ್ನು ಮುಟ್ಟಿತು. ಇನ್ನೊಂದು ಚೀಟಿ, ಇನ್ನೇಳು ದಿನ. ಡಬ್ಬಿಯ ಕಡೆ ನೋಡಿ ಕೈ ಹೊರಗೆ ತೆಗೆದಳು. ಸೀರೆ ಕೊಳೆಯಾದರೆ ಆಗಲಿ ಅಂತ ಮಗಳ ಪಕ್ಕ ನೆಲದ ಮೇಲೇ ಕೂತಳು.

"ಮುಚ್ಚೋಕೆ ಆಗಲ್ಲ ಕಂದ. ನನ್ನಿಂದಾಗಲ್ಲ, ಆಂಟಿಯಿಂದಾಗಲ್ಲ, ಯಾರಿಂದಲೂ ಆಗಲ್ಲ. ಅವತ್ತೇ ನಂಗೆ ಗೊತ್ತಿತ್ತು. ಸುಳ್ಳು ಬರೆದುಕೊಟ್ಟೆ."

ಕೂಗು ಸೂರಿಗೆ ಬಡಿಯಿತು. ತಂಪಮ್ಮ ಬೈಯಲಿಲ್ಲ, ಬೇರೇನೂ ಕೊಡುತ್ತೇನೆ ಅನ್ನಲಿಲ್ಲ, ಎದ್ದೂ ಹೋಗಲಿಲ್ಲ. ಕೂಗು ಅಳುವಾಯಿತು, ಅಳು ಬಿಕ್ಕಳಿಕೆಯಾಯಿತು. ಕೊನೆಗೆ ಒಂದು ಒದ್ದೆ ಮುಖ ಅವಳ ತೊಡೆಯ ಮೇಲೆ ಬಂದು ಬಿತ್ತು.

"ನಾಳೆದು ನಾನೇ ಸುಲಿಯೋದು."

"ನೀನೇ ಸುಲಿ."

"ಹನ್ನೊಂದು ನಿಮಿಷ," ಅಂದರು ಆಂಟಿ ಗಡಿಯಾರದಿಂದ ಕಣ್ಣು ತೆಗೆದು. "ಹನ್ನೊಂದು ನಿಮಿಷ ತಡ್ಕೋಬಹುದು. ಜಾಗ ಇರಲಿ ಬಿಡಿ." ಆಮೇಲೆ ದನಿ ಇಳಿಸಿದರು. "ಆದ್ರೆ ಆ ಚೀಟಿ ವಾಪಸ್ ತಗೊಳ್ಳೋದು ಹೇಗೆ, ಅದನ್ನ ಹೇಳಿ. ನಾನೂ ನಾಲ್ಕು ಬರೆದುಕೊಟ್ಟಿದ್ದೀನಿ. ಒಬ್ಬನದು ಶುಕ್ರವಾರಕ್ಕೆ ಏಳು ದಿನ. ಅವನಿಗೆ ಚಂದ್ರ ಬೇಕು."

ಮರುದಿನ ಕೌಂಟರಿಗೆ ಬಕೆಟ್ ಯಜಮಾನರು ಮತ್ತೆ ಬಂದರು, ಬಕೆಟ್ ಸಮೇತ. ತಂಪಮ್ಮ ಚೀಟಿ ಪುಸ್ತಕ ತೆರೆಯಲಿಲ್ಲ.

"ನಿಮ್ಮ ಬೀದಿಯ ಪೈಪು ಪೂರ್ತಿ ಹೋಗಿದೆ ಸಾರ್. ಈ ವರ್ಷ ಅದನ್ನ ಬದಲಾಯಿಸಲ್ಲ."

ಅವರು ಐದು ನಿಮಿಷ ಕೂಗಾಡಿದರು. ಆಮೇಲೆ, "ಇದನ್ನ ಹೋದ ಸಲವೇ ಹೇಳಿದ್ರೆ ಬಾವಿನಾದ್ರೂ ತೋಡಿಸ್ತಿದ್ನಲ್ಲಮ್ಮ," ಅಂತ ಬಕೆಟ್ ಎತ್ತಿಕೊಂಡು ಹೊರಟರು.

ಅವರು ಬಾಗಿಲು ದಾಟುವಷ್ಟರಲ್ಲಿ ಒಳಗಿನ ಕೋಣೆಯಿಂದ ಸಾಹೇಬರು ಸಿಡಿದು ಬಂದರು. "ಹಾಗೆ ಹೇಳು ಅಂತ ಯಾರ್ರೀ ಹೇಳಿದ್ದು ನಿಮಗೆ? ಚೀಟಿ ಯಾಕಿರೋದು? ಮೊಹರು ಯಾಕಿರೋದು?" ಮುಖ ಕೆಂಪಗಾಗಿತ್ತು. ಫೈಲನ್ನು ಮೇಜಿಗೆ ಬಡಿದರು, ಪೆನ್ನು ಎಸೆದರು, ಒಂದು ಸಲ ಕಾಲನ್ನೂ ನೆಲಕ್ಕೆ ಅಪ್ಪಳಿಸಿದರು.

ತಂಪಮ್ಮ ಕುರ್ಚಿ ಎಳೆದು ಕೊಟ್ಟಳು. "ನಿಮಗೆ ತುಂಬಾ ಸಿಟ್ಟು ಬಂದಿದೆ ಸಾರ್," ಅಂದು ಗೋಡೆ ಗಡಿಯಾರ ನೋಡಿದಳು.

ಸಾಹೇಬರಿಗೆ ಇಪ್ಪತ್ತಾರು ನಿಮಿಷ ಬೇಕಾಯಿತು.