ಸೀಸದ ಕೋಟು

ಒದ್ದೆ ನೆಲದ ವಾಸನೆ, ಅದರ ಕೆಳಗೆ ಇನ್ನೊಂದು, ರಬ್ಬರಿನದೋ ಬೆವರಿನದೋ, ನಿನ್ನೆಯವರೆಗೆ ಇರಲಿಲ್ಲ, ಅಥವಾ ಇದ್ದದ್ದೇ, ನನ್ನ ಮೂಗಿಗೆ ಮಾತ್ರ ಇರಲಿಲ್ಲ — ಗೋಡೆಯ ಕೊಕ್ಕೆಯಲ್ಲಿ ತೂಗುವ ಸೀಸದ ಕೋಟಿನದು, ಹೌದು, ಎಷ್ಟು ಜನರ ಬೆವರು ಕುಡಿದಿದೆಯೋ ಅದು, ತಲೆಯಿಲ್ಲದ ಮನುಷ್ಯ ಹೆಗಲು ಇಳಿಬಿಟ್ಟು ನಿಂತ ಹಾಗೆ, ಬೆಳಗಿನಿಂದ ನನ್ನನ್ನೇ ನೋಡುತ್ತಿದೆ, ಮುಂದಿನವರು ಬನ್ನಿ ಅನ್ನುತ್ತೇನೆ, ಕಾಲು ಉಳುಕಿಸಿಕೊಂಡ ಹುಡುಗಿ ಕುಂಟುತ್ತಾ ಬರುತ್ತಾಳೆ, ಎಕ್ಸ್‌ರೇಗೆ ಮುಂಚೆ ಹೆಂಗಸರನ್ನು ಕೇಳಲೇಬೇಕಾದ್ದನ್ನು ಕೇಳುತ್ತೇನೆ, ಕೊನೇ ಸಲ ಮುಟ್ಟಾಗಿದ್ದು ಯಾವಾಗಮ್ಮಾ, ಬಸುರಿ ಏನಾದ್ರೂ ಇರಬಹುದಾ, ಅವಳು ನಾಚಿ ಇಲ್ಲ ಮೇಡಂ, ಹೋದ ವಾರಾನೇ ಆಯ್ತು ಅನ್ನುತ್ತಾಳೆ, ಹತ್ತು ವರ್ಷದಿಂದ ಈ ಕೋಣೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಇದೇ ಪ್ರಶ್ನೆ, ನನ್ನನ್ನು ಕೇಳುವವರಿಲ್ಲ, ಕೇಳಿದರೆ ಹೇಳಬೇಕಾಗುತ್ತದೆ, ಮುಟ್ಟು ತಪ್ಪಿ ಹನ್ನೊಂದು ದಿನ ಅಂತ. ಮೊದಲ ಮೂರು ದಿನ ದಣಿವು ಎಂದುಕೊಂಡೆ, ಐದನೆಯ ದಿನ ಕಾಫಿ ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದ ಹಾಗೆ, ಮಗ್ಗುಲು ಬದಲಿಸಿದರೆ ಎದೆ ನೋವು, ಗಂಟೆಗೆರಡು ಸಲ ಬಚ್ಚಲು, ಮಧ್ಯಾಹ್ನದ ನಿದ್ದೆಯಂತೂ ಯಾರೋ ಮೇಲಿಂದ ಕಂಬಳಿ ಎಸೆದ ಹಾಗೆ ಬೀಳುತ್ತದೆ, ಮೂರು ಬೀದಿ ಆಚೆಯ ಅಂಗಡಿಯಲ್ಲಿ, ಗುರುತಿನವರಿಲ್ಲದ ಕಡೆ ಕೊಂಡ ಪರೀಕ್ಷೆಯ ಕಿಟ್ ಚೀಲದಲ್ಲಿದೆ, ಕೊಡೆಗೂ ಊಟದ ಡಬ್ಬಿಗೂ ನಡುವೆ, ಒಡೆದಿಲ್ಲ, ಎರಡು ಗೆರೆ ಬಂದರೆ ನಿಜವಾಗಿಬಿಡುತ್ತದೆ, ನಿಜವಾದದ್ದನ್ನು ತಾನೇ ಕಳೆದುಕೊಳ್ಳಲು ಆಗುವುದು.

ಹೋದ ಸಲ ಗೆರೆ ಒಣಗುವ ಮೊದಲೇ ಹೇಳಿಬಿಟ್ಟಿದ್ದೆ, ಎಕ್ಸ್‌ರೇ ಕೋಣೆಯವರು ಬಸುರಿಯಾದರೆ ಬರೆದುಕೊಡಬೇಕೆನ್ನುವುದು ಇಲ್ಲಿಯ ನಿಯಮ, ದೊಡ್ಡ ಡಾಕ್ಟರು ಚೀಟಿ ಓದಿ ನಗುತ್ತಾ ನನ್ನನ್ನು ಹೆಸರು ಬರೆಯುವ ಕೌಂಟರಿಗೆ ಹಾಕಿದರು, ನೆಲ ಒರೆಸುವವಳು, ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದವಳಾದ್ದರಿಂದ ನಾವೆಲ್ಲ ರೇಡಿಯೋ ಎಂದು ಕರೆಯುವವಳು, ಊಟದ ಹೊತ್ತಿಗೆ ಮೂರು ಮಹಡಿಗೂ ಸುದ್ದಿ ಮುಟ್ಟಿಸಿದ್ದಳು, ಗಂಡ ಆಗ ರಜೆಯಲ್ಲಿದ್ದ, ಹಡಗಿನ ಎಂಜಿನ್ನಿನ ಮೆಕ್ಯಾನಿಕ್ಕು, ಸುತ್ತಿಗೆ ಹಿಡಿದರೆ ಸುಮ್ಮನಿರುವವನಲ್ಲ, ಮಂಚದ ಎದುರಿನ ಗೋಡೆಗೆ ಮೊಳೆ ಹೊಡೆದ, ಮೊದಲನೇ ಸ್ಕ್ಯಾನಿನ ಚಿತ್ರಕ್ಕೆ ಫ್ರೇಮು ಹಾಕಿಸಿ ನೇತುಹಾಕಬೇಕಂತೆ, ಇನ್ನೂ ಕಾಳಿನಷ್ಟೂ ಇಲ್ಲ ಕಣೋ ಅಂದೆ, ಇರ್ಲಿ ಬಿಡೇ, ಬಸ್ಸಲ್ಲಿ ಕರ್ಚೀಫು ಹಾಕಲ್ವಾ, ಹಂಗೆ, ಜಾಗ ಹಿಡಿದಿಡೋಣ ಅಂದ. ಒಂಬತ್ತನೆಯ ವಾರ, ರಕ್ತ. ಹೇಳಿದ್ದನ್ನೆಲ್ಲ ಒಬ್ಬೊಬ್ಬರಿಂದ ವಾಪಸು ತೆಗೆದುಕೊಳ್ಳಬೇಕಾಯಿತು, ಎರಡು ತಿಂಗಳು ಎಲ್ಲರ ಕಣ್ಣು ಮೊದಲು ನನ್ನ ಹೊಟ್ಟೆಗೆ ಬಂದು ಆಮೇಲೆ ಮುಖಕ್ಕೆ ಏರುತ್ತಿತ್ತು, ಅತ್ತಿಗೆ ಫೋನಿನಲ್ಲಿ, ದಿನಾ ಆ ಕೋಣೇಲಿ ನಿಂತ್ರೆ ಇನ್ನೇನಾಗತ್ತೆ, ದೊಡ್ಡ ಡಾಕ್ಟರು, ಕೆಲಸದಿಂದ ಅಲ್ಲಮ್ಮಾ, ಸೀಸದ ಗಾಜಿನ ಈಚೆ ಕಿರಣ ಬರಲ್ಲ, ನಿಂಗೇ ಗೊತ್ತಲ್ಲ, ಗೊತ್ತು, ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ, ಗಾಜಿನ ಹಿಂದೆ ಕೋಟು ಬೇಡ ಅಂತ, ಆದರೆ ಗೊತ್ತಿರುವುದು ತಲೆಯಲ್ಲಿ ಕೂತಿರುತ್ತದೆ, ಹೆದರಿಕೆ ಅಲ್ಲಿ ಕೂರುವುದಿಲ್ಲ. ಹೋದ ತಿಂಗಳು ರಜೆ ಮುಗಿದು ಗಂಡ ಹಡಗಿಗೆ ಹೋದ. ಮೊಳೆ ಉಳಿಯಿತು. ಕೀಳಲು ಇಕ್ಕಳವಿಲ್ಲ ಎಂದು ಸುಳ್ಳು ಹೇಳಿಕೊಳ್ಳುತ್ತೇನೆ, ಬೆಳಿಗ್ಗೆ ಕಣ್ಣು ಬಿಟ್ಟರೆ ಅದೇ, ಖಾಲಿ ಗೋಡೆ, ಕಬ್ಬಿಣದ ತುದಿ, ಅದರ ಸಣ್ಣ ನೆರಳು, ಮೊನ್ನೆ ಭಾನುವಾರ ಫೋನು, ಹಿಂದೆ ಎಂಜಿನ್ನಿನ ಗುಡುಗು, ಏನ್ ಸಮಾಚಾರ ಅಂದ, ಏನಿಲ್ಲ ಅಂದೆ, ಏನಿಲ್ವಾ, ಏನಿಲ್ಲ ಕಣೋ, ಲೈನು ಕಡಿದುಹೋದ ಮೇಲೂ ಫೋನು ಕಿವಿಗೆ ಹಿಡಿದುಕೊಂಡೇ ಇದ್ದೆ.

ಮುಂದಿನವರು ಬನ್ನಿ, ಪೊಲೀಸಿನವರು, ಗಿರಿಜಾ ಮೀಸೆ, ಊದಿದ ಮಣಿಕಟ್ಟು, ಮಗುವನ್ನು ಎತ್ತಿಕೊಂಡ ಹಾಗೆ ಒಂದು ಕೈಯಲ್ಲಿ ಇನ್ನೊಂದು ಕೈಯನ್ನು ಎತ್ತಿಕೊಂಡು ಬಂದಿದ್ದಾರೆ, ಇಲ್ಲಿ ಕೂತ್ಕೊಳ್ಳಿ, ಕೈ ಹೀಗಿಡಿ, ಬಸುರಿ ಏನಾದ್ರೂ ಇರಬಹುದಾ — ಕೇಳಿದ್ದು ನಾನೇ, ನನ್ನ ಬಾಯಿಯೇ, ಅವರು ಒಂದು ಕ್ಷಣ ತಮ್ಮ ಹೊಟ್ಟೆಯನ್ನು ನೋಡಿಕೊಂಡು, ಇಲ್ಲ ಮೇಡಂ, ಇದು ಬರೀ ಊಟದ್ದು, ಅನ್ನುತ್ತಾರೆ, ಬಾಗಿಲಲ್ಲಿದ್ದ ರೇಡಿಯೋ ಒರೆಸುವ ಕೋಲಿಗೆ ಜೋತುಬಿದ್ದು, ಅಯ್ಯೋ ಅಕ್ಕಾ, ಅಷ್ಟು ದಪ್ಪ ಮೀಸೆ ಕಾಣ್ಲಿಲ್ವಾ ನಿಂಗೆ, ನಾನೂ ನಗುತ್ತೇನೆ, ಮೂವರೂ ನಗುತ್ತೇವೆ, ಅವರದು ನಿಲ್ಲುತ್ತದೆ, ನನ್ನದು ನಿಲ್ಲುವುದಿಲ್ಲ, ಕೆನ್ನೆ ಒದ್ದೆಯಾಗಿದೆ, ಏನಾಯ್ತಕ್ಕಾ, ಏನಿಲ್ಲ, ರಾತ್ರಿ ನಿದ್ದೆ ಇಲ್ಲ, ಬಾಗಿಲು ಹಾಕಿ ಈಚೆ ಬಾ, ಅವಳು ಗಾಜಿನ ಹಿಂದೆ ನನ್ನ ಪಕ್ಕ ಬಂದು ನಿಲ್ಲುತ್ತಾಳೆ, ನನ್ನ ಬೆರಳು ಗುಂಡಿಯ ಮೇಲೆ, ಒತ್ತಬೇಕು, ಸಾವಿರ ಸಲ ಒತ್ತಿದ್ದೇ, ಹೋದ ಸಲವೂ ತಿಳಿಯುವ ಮೊದಲು ಒತ್ತುತ್ತಲೇ ಇದ್ದೆನಲ್ಲ, ಎಷ್ಟು ದಿನ, ಎಷ್ಟು ಸಲ, ಬೆರಳು ಒತ್ತುವುದಿಲ್ಲ. ಒಂದ್ನಿಮಿಷ ಇರಿ ಸಾರ್. ಐದು ಹೆಜ್ಜೆ, ಕೋಟನ್ನು ಎತ್ತುತ್ತೇನೆ, ಹೆಗಲ ಮೇಲೆ ಭಾರ ಬೀಳುತ್ತದೆ, ಯಾರೋ ಹಿಂದಿನಿಂದ ಎರಡೂ ಕೈ ಇಟ್ಟ ಹಾಗೆ, ಎಷ್ಟು ದಿನವಾಯಿತು ಯಾರಾದರೂ ಹಾಗೆ ಕೈ ಇಟ್ಟು, ವಾಸನೆ ಅದೇ, ವಾಕರಿಕೆ ಬರುವುದಿಲ್ಲ, ಸೊಂಟದ ಪಟ್ಟಿ ಕಟ್ಟಿಕೊಂಡು ಗಾಜಿನ ಹಿಂದೆ ಬರುತ್ತೇನೆ, ಇಲ್ಲಿ ಕೋಟು ಬೇಡ ಎಂದು ರೇಡಿಯೋಗೂ ಗೊತ್ತು, ನನ್ನ ಬಾಯಿಂದಲೇ ನೂರು ಸಲ ಕೇಳಿದ್ದಾಳೆ, ಈಗ ಅವಳು ನನ್ನನ್ನು ನೋಡುತ್ತಿಲ್ಲ, ಗಾಜಿನಾಚೆ ಗೋಡೆಯನ್ನು ನೋಡುತ್ತಿದ್ದಾಳೆ, ಬಾಯಿ ತೆರೆದಳು, ಮುಚ್ಚಿಕೊಂಡಳು, ಅಲ್ಲಾಡಬೇಡಿ, ಅನ್ನುತ್ತೇನೆ, ಪೊಲೀಸಿನವರಿಗೋ ಇನ್ನು ಯಾರಿಗೋ, ಕೆಂಪು ದೀಪ ಹತ್ತುತ್ತದೆ, ಅಲ್ಲಾಡಬೇಡ, ಮತ್ತು ಎದುರಿಗೆ ಗೋಡೆ, ಗೋಡೆಯಲ್ಲಿ ಕೊಕ್ಕೆ, ಅದರಲ್ಲಿ ಏನೂ ಇಲ್ಲ, ಅದರ ಸಣ್ಣ ನೆರಳು, ಖಾಲಿ ಕೊಕ್ಕೆ, ಕೊಕ್ಕೆ