ಒತ್ತಿ ನೋಡು

"ಒತ್ತೇ ಲೌಡಿ, ಒತ್ತು! ಗಂಡನ ಕೆನ್ನೆ ಸವರ್ತಿದ್ದೀಯಾ?"

ಮೇಸ್ತ್ರಿ ಗದರಿದ್ದೇ ತಡ, ಸಾಲಿನಲ್ಲಿದ್ದ ಗಂಡಸರು ಕಿಸಕ್ಕನೆ ನಕ್ಕರು. ಗೇಟಿಗೆ ಸರಪಳಿ ಹಾಕಿ ಬಿಗಿದಿದ್ದ ಹಾಜರಿ ಟ್ಯಾಬಿನಲ್ಲಿ ತನ್ನ ಫೋಟೊದ ಮೇಲೆ ಅವಳು ಬೆರಳೂರಿದಳು. ಊಹೂಂ. ತೋರುಬೆರಳಾಯಿತು, ಹೆಬ್ಬೆರಳಾಯಿತು, ಆ ದರಿದ್ರದ ಗಾಜು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ತೊಗಲಿನ ಕಾರ್ಖಾನೆಯ ಸುಣ್ಣದ ತೊಟ್ಟಿಯಲ್ಲಿ ಕೈ ಅದ್ದಿದವಳು. ದನದ ತೊಗಲಿನ ಕೂದಲನ್ನೇ ಉದುರಿಸುವ ಸುಣ್ಣ ಇವಳ ಬೆರಳನ್ನು ಬಿಟ್ಟೀತೆ? ಗೆರೆಗಳೆಲ್ಲ ಅಳಿಸಿ, ತುದಿಗಳು ಒಣಗಿ ಕೊರಡಾಗಿದ್ದವು. ಸೈರನ್ ಆಗುವುದರೊಳಗೆ ಒತ್ತದಿದ್ದರೆ ಗೈರುಹಾಜರಿ. ಈಗಾಗಲೇ ಬೇಕಾದಷ್ಟಾಗಿತ್ತು. ಇವತ್ತೂ ಆದರೆ ಹೆಸರೇ ಹೊಡೆದುಹಾಕುತ್ತಾರೆ.

"ಚಿಕ್ಕಮ್ಮ, ಮೂಗಲ್ಲಿ ಒತ್ತಿಬಿಡು," ಹಿಂದೆ ನಿಂತಿದ್ದ ಅಕ್ಕನ ಮಗಳು ಪಿಸುಗುಟ್ಟಿದಳು.

ಮಾನ ಮರ್ಯಾದೆ ಅಂತ ಕೂತರೆ ಹೊಟ್ಟೆ ಕೇಳಬೇಕಲ್ಲ! ಬಗ್ಗಿ ಮೂಗು ಚಾಚಿದಳು. ಮೇಸ್ತ್ರಿ ತುರುಬು ಹಿಡಿದು ಹಿಂದಕ್ಕೆಳೆದ.

"ಥೂ! ಸಿಂಬಳ ಒರೆಸೋಕೆ ಇಟ್ಟಿದಾರಾ ಇದನ್ನ? ಬೆರಳೇ ಆಗ್ಬೇಕು. ಸಾವ್ಕಾರ್ರ ಮಾತು."

ಸಾಹುಕಾರರ ಹೆಸರು ಕೇಳಿ ಅವಳಿಗೆ ಧೈರ್ಯವೇ ಬಂತು. ಪಾಪ, ಅವರಿಗೆ ಮರೆತಿರಬೇಕು. ಮಾರುವವನು ಎರಡು ಟ್ಯಾಬು ತಂದಿದ್ದ ದಿನ ಅವಳನ್ನೇ ತೊಟ್ಟಿಯಿಂದ ಕರೆಸಿ "ಒತ್ತಿ ನೋಡಮ್ಮ" ಅಂದಿದ್ದರು. ಅಮ್ಮ ಅಂದಿದ್ದರು! ಒಳ್ಳೆಯದು ಮುಟ್ಟಿದರೆ ಸಾಕು, ತೆರೆದುಕೊಂಡಿತ್ತು. ಅಗ್ಗದ್ದು ಎಷ್ಟು ತಿವಿದರೂ ಕಣ್ಣು ಬಿಟ್ಟಿರಲಿಲ್ಲ. "ಇದು ಬ್ಯಾಡ ಸಾವ್ಕಾರ್ರೇ, ಅದೇ ತಗೊಳ್ಳಿ" ಅಂತ ಬಾಯಿಬಿಟ್ಟು ಹೇಳಿದ್ದಳು. ಸಾಹುಕಾರರು ತನ್ನ ಮಾತು ಕೇಳಿದರು ಅಂತ ಓಣಿಯಲ್ಲೆಲ್ಲ ಹೇಳಿಕೊಂಡು ಬೀಗಿದ್ದಳು.

ಆಫೀಸಿಗೆ ಓಡಿದಳು. ಆ ಒಳ್ಳೆಯ ಟ್ಯಾಬು ಸಾಹುಕಾರನ ಮೇಜಿನ ಮೇಲಿತ್ತು.

"ಸಾವ್ಕಾರ್ರೇ, ಅದಲು ಬದಲಾಗಿದೆ. ಆಗದೇ ಇರೋದನ್ನ ಗೇಟಿಗೆ ಕಟ್ಬಿಟ್ಟಿದಾರೆ."

ಸಾಹುಕಾರ ತಲೆಯೆತ್ತಿ ನಕ್ಕ. "ಏನೂ ಬದಲಾಗಿಲ್ಲ ಕಣೇ. ಹಳಬರನ್ನ ನಾನಾಗೇ ಬಿಡಿಸಿದ್ರೆ ಇಷ್ಟು ವರ್ಷ ದುಡಿದಿದ್ದಕ್ಕೆ ಗಂಟು ಕೊಟ್ಟು ಕಳಿಸ್ಬೇಕು. ನೀವೇ ಬರ್ಲಿಲ್ಲ ಅಂದ್ರೆ ಏನೂ ಕೊಡ್ಬೇಕಿಲ್ಲ. ನಿನ್ನ ಬೆರಳಿಗೆ ಬಗ್ಗದೇ ಇರೋದೇ ಬೇಕಿತ್ತು ನಂಗೆ. ಅದಕ್ಕೇ ನಿನ್ನ ಕೈಲಿ ಒತ್ಸಿದ್ದು."

ತೊಟ್ಟಿಯಲ್ಲಿ ಅವಳ ಜೊತೆಗೆ ಕೈ ಸುಟ್ಟುಕೊಂಡ ಹಳಬರೆಲ್ಲ ಹೀಗೇ ಗೈರುಹಾಜರಿ ಬಿದ್ದು ಒಬ್ಬೊಬ್ಬರಾಗಿ ಮನೆ ಸೇರಿದ್ದರು. ಅವರ ಅನ್ನಕ್ಕೆ ಕಲ್ಲು ಹಾಕಿದ್ದು ತನ್ನ ಬೆರಳೇ ಆಯಿತಲ್ಲ!

ಹೊರಗೆ ಸೈರನ್ ಕೂಗಿತು.

"ನಿನ್ನ ಮನೆ ಹಾಳಾಗ, ಬೇವರ್ಸಿ!" ಎಂದವಳೇ ಮೇಜಿನ ಮೇಲಿದ್ದ ಟ್ಯಾಬನ್ನು ಕಿತ್ತುಕೊಂಡು, ಅದನ್ನು ಅವುಚಿ ನೆಲಕ್ಕೆ ಕೂತಳು. ಮೇಸ್ತ್ರಿ ಓಡಿಬಂದು ಬೆನ್ನಿಗೆ ಒದ್ದ. ಅವಳು ಬಿಡಲಿಲ್ಲ. ಒತ್ತಿದಳು. ತೆರೆದುಕೊಂಡಿತು. ಇನ್ನೊಮ್ಮೆ ಒತ್ತಿದಳು, ಅದರೊಳಗಿನ ವಿಡಿಯೊದಲ್ಲಿ ಸಾಹುಕಾರನ ಮೊಮ್ಮಗು ಕೇಕೆ ಹಾಕಿ ನಗತೊಡಗಿತು.

"ನೋಡ್ರೋ, ನನ್ನ ಬೆರಳು ಸತ್ತಿಲ್ಲ! ಬಂದು ನೋಡ್ರೋ!"

ಒದೆ ಬೀಳುತ್ತಲೇ ಇತ್ತು, ಅವಳು ಒತ್ತುತ್ತಲೇ ಇದ್ದಳು. ಗೇಟಿನ ಬಳಿ ಯಾರೂ ಉಳಿದಿರಲಿಲ್ಲ. ಅಕ್ಕನ ಮಗಳೂ ಸೀರೆ ಎತ್ತಿ ಕಟ್ಟಿ ಸುಣ್ಣದ ತೊಟ್ಟಿಗೆ ಇಳಿದಿದ್ದಳು.