ಮೀನಿಗೆ ಸೊನ್ನೆ

ಮಾಲ್ಟಾಕ್ಕೆ ಹೋಗುತ್ತೇನೆಂದು ಹೇಳಿದ ದಿನದಿಂದ ಮಗ ರಾಜೀವ ಮುಖ ಊದಿಸಿಕೊಂಡಿದ್ದ. ಅಂಕೋಲಾ ಪೇಟೆಯಲ್ಲಿ ಮೀನು ಮಾರುವ ಹೆಂಗಸಿಗೆ ವಿಮಾನ ಯಾಕೆ, ಆ ದುಡ್ಡಲ್ಲಿ ಮನೆಗೆ ಸ್ಲ್ಯಾಬ್ ಹಾಕಿಸಬಹುದಲ್ಲ ಎಂದು ಅವನ ವಾದ. ಹಾಕಿಸಬಹುದು. ಆದರೆ ದುಡ್ಡು ನನ್ನದು. ಅರ್ಗಾದ ನಮ್ಮ ಮನೆ ನೌಕಾನೆಲೆಗೆ ಹೋಗಿ, ಅಂಗಳದ ಮುಂದಿದ್ದ ಸಮುದ್ರ ಬೇಲಿಯಾಚೆ ಉಳಿದಾಗ ಬಂದ ಪರಿಹಾರದಲ್ಲಿ ನನ್ನ ಪಾಲು ಅದು. ಸಮುದ್ರ ಬಿಟ್ಟದ್ದಕ್ಕೆ ಬಂದ ದುಡ್ಡು ಸಮುದ್ರಕ್ಕೇ ಹೋಗಲಿ ಎಂದು ನಾನೂ ಹಟ ಹಿಡಿದೆ.

ಮಾಲ್ಟಾವನ್ನು ಮೊದಲು ತೋರಿಸಿದವಳು ಅಣ್ಣನ ಮಗಳು ಪ್ರಗತಿ, ಕಾರವಾರದಲ್ಲಿ ಟೀಚರು. ಅವಳ ಕಂಪ್ಯೂಟರಿನಲ್ಲಿ ಒಂದು ಚಿತ್ರವಿತ್ತು. ಆ ದ್ವೀಪದವರು ದೋಣಿಯ ಮೂತಿಗೆ ಎರಡು ಕಣ್ಣು ಬರೆದು, ಮನೆ ಬಾಗಿಲಲ್ಲೇ ಕಟ್ಟಿದ್ದರು. ಅರ್ಗಾದಲ್ಲಿ ನಾವೂ ಬಾಗಿಲಲ್ಲೇ ಕಟ್ಟುತ್ತಿದ್ದೆವು. ನನಗೆ ಅಳು ಬಂತು. ಇಬ್ಬರೂ ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು.

ಭಾನುವಾರ ಪ್ರಗತಿ ವೀಸಾದ ಕಾಗದ ಹಿಡಿದು ಬಂದಳು. ಏಳು ದಿನಕ್ಕೆ ದಿನದ ಖರ್ಚೆಷ್ಟು ಎಂದು ಬರೆದುಕೊಡಬೇಕಂತೆ. "ದುಡ್ಡು ಸಾಲೂದಿಲ್ಲಾ ಅಂದ್ರೆ ಮುಂದಿನ ವರ್ಷ ಹೋಗ್ವಾ ಅತ್ತೆ," ಎಂದಳು. ಮುಂದಿನ ವರ್ಷದ ಹೊತ್ತಿಗೆ ಆ ದುಡ್ಡು ಸ್ಲ್ಯಾಬ್ ಆಗಿರುತ್ತದೆಂದು ನನಗೆ ಗೊತ್ತಿಲ್ಲವೇ?

ದಿನದ ಖರ್ಚನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ಬಂದಾಗಿ ದೋಣಿ ದಡದಲ್ಲಿ ಬಿದ್ದಿರುವ ಅಷ್ಟೂ ದಿನ ಮನೆ ನಡೆಸಿದವಳು ನಾನು. ಮೇ ತಿಂಗಳಲ್ಲೇ ದಿನಕ್ಕೊಂದರಂತೆ ದುಡ್ಡಿನ ಪೊಟ್ಟಣ ಕಟ್ಟಿ ಡಬ್ಬಿಗೆ ಹಾಕುತ್ತೇನೆ. ಇಂದಿನದು ಖಾಲಿಯಾಯಿತೆಂದು ನಾಳೆಯದಕ್ಕೆ ಕೈ ಹಾಕುವಂತಿಲ್ಲ. ಅದೇ ಲೆಕ್ಕದಲ್ಲಿ ಬರೆಸಿದೆ. ಆ ವರ್ಷವೇ ಮಾಲ್ಟಾದಲ್ಲಿ ಯೂರೋ ನಾಣ್ಯ ಬಂದಿತ್ತು. ದಿನಕ್ಕೆ ಮೂವತ್ತು ಯೂರೋ: ಮಲಗಲು ಹದಿನೆಂಟು, ಬಸ್ಸಿಗೆ ಎರಡು, ಬ್ರೆಡ್ಡು, ಚಾ, ನೀರಿಗೆ ಹತ್ತು. ಮೀನಿಗೆ ಸೊನ್ನೆ.

ರಾಜೀವ ಕಾಗದ ನೋಡಿ ನಕ್ಕ. "ಆಯಿ, ಮೀನಿಗೆ ಎಂತಕ್ಕೆ ಸೊನ್ನೆ?"

"ಮೀನಿಗೆ ಯಾರು ದುಡ್ಡು ಕೊಡ್ತಾರೋ?"

ಪ್ರಗತಿ ಮೆಲ್ಲಗೆ ಹೇಳಿದಳು: "ಅಲ್ಲಿ ಒಂದು ಪ್ಲೇಟ್ ಮೀನಿಗೆ ಹದಿನೈದು ಯೂರೋ ಅತ್ತೆ. ಹತ್ರ ಹತ್ರ ಸಾವಿರ ರೂಪಾಯಿ."

ನಾನು ಬೆಪ್ಪಾದೆ. ಮಾರಲು ಬುಟ್ಟಿಗಟ್ಟಲೆ ಕೊಂಡಿದ್ದೇನೆ, ತಿನ್ನಲು ಒಂದು ಬಂಗಡೆಯನ್ನೂ ಕೊಂಡವಳಲ್ಲ. ಗಂಡ ಇದ್ದಾಗ ನಮ್ಮ ದೋಣಿ ಖಾಲಿ ಬಂದರೆ ಪಕ್ಕದ ದೋಣಿಯವರು ನಾಲ್ಕು ಮೀನು ಹಾಕಿ ಹೋಗುತ್ತಿದ್ದರು. ಅದಕ್ಕೆ ಲೆಕ್ಕವೆಂಬುದಿರಲಿಲ್ಲ.

"ಮುಗೀತಲ್ಲಾ," ಎಂದ ರಾಜೀವ. "ಮೀನಿಲ್ದೆ ನಿಂಗೆ ತುತ್ತು ಇಳಿಯೂದಿಲ್ಲಾ. ಶ್ರಾವಣದಲ್ಲೂ ಬಿಟ್ಟವಳಲ್ಲಾ ನೀ. ಏಳು ದಿವ್ಸ ಹ್ಯಾಂಗೆ ಇರ್ತೀ? ಸುಮ್ನೆ ಮನೇಲಿರು."

ಅವನ ಮಾತು ಸುಳ್ಳಲ್ಲ. ಶ್ರಾವಣವೊಂದು ತಿಂಗಳು ಮೀನು ಬಿಡೆಂದು ಗಂಡನ ತಾಯಿ ಬೇಡಿದರು, ಬೈದರು, ಕೊನೆಗೆ ಮಾತೇ ಬಿಟ್ಟರು. ನಾನು ಒಣ ಸಿಗಡಿ ಹುರಿಯುವುದನ್ನು ಬಿಡಲಿಲ್ಲ. ಪ್ರಗತಿ ಸೊನ್ನೆಯನ್ನು ತಿದ್ದಲು ಪೆನ್ನು ತೆಗೆದಳು. ನಾನು ಅದನ್ನು ಕಿತ್ತುಕೊಂಡೆ.

"ಸೊನ್ನೆ ಹಾಂಗೇ ಇರ್ಲಿ," ಎಂದೆ. "ಏಳು ದಿವ್ಸ ನಾ ಶ್ರಾವಣ ಹಿಡೀತೆ. ಸಹಿ ಎಲ್ಲಿ ಹಾಕೂದು, ತೋರ್ಸು."